ಮಾವನ ಪೆಟ್ಟಿಗೆಯ ಹಳೆ ಲೆನ್ಸ್‌ಗಳು ಮಿರರ್‌ಲೆಸ್ ಕ್ಯಾಮೆರಾಗೆ ಕೂರುತ್ತವೆಯೇ? ಯಕ್ಷಗಾನಕ್ಕೆ ಆದೀತೇ?

ಕಲ್ಯಾಣ್ ಸ್ಲೋ:

ಎಲ್ಲರಿಗೂ ನಮಸ್ಕಾರ. ಸೋದರಮಾವ ಘಾಟ್ಕೋಪರ್‌ನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದರು. ಈಗ ಅವರ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ. ಅತ್ತೆ ಒಂದು ಪೆಟ್ಟಿಗೆ ಕೊಟ್ಟು "ನಿನಗೇ ಇರಲಿ, ಇಲ್ಲಾಂದ್ರೆ ಭಂಗಾರ್‌ನವನಿಗೆ (ಗುಜರಿಯವನಿಗೆ) ಹೋಗ್ತದೆ" ಅಂದರು. ಒಳಗಿರುವುದು ಇಷ್ಟು: ಜೆನಿಟ್-ಇ ಬಾಡಿಯ ಮೇಲೆ ಹೀಲಿಯೋಸ್ 44-2 (58 ಎಂಎಂ, ಎಫ್ 2). ಪೆಂಟಾಕ್ಸ್ ಬಾಡಿಯ ಮೇಲೆ ಸೂಪರ್ ಟ್ಯಾಕುಮಾರ್ 50 ಎಂಎಂ ಎಫ್ 1.4, ಇದರ ಗಾಜು ಹಳದಿ ತಿರುಗಿದೆ. ನಿಕ್ಕಾರ್ 105 ಎಂಎಂ ಎಫ್ 2.5. ಮತ್ತೆ ಒಂದು ಯಾಶಿಕಾ ಎಲೆಕ್ಟ್ರೋ 35 ಫಿಲಂ ಕ್ಯಾಮೆರಾ.

ನನ್ನ ಹತ್ತಿರ ಇರುವುದು ಸೋನಿ ಎ6400 ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ, ಜೊತೆಗೆ ಬಂದ ಕಿಟ್ ಲೆನ್ಸ್. ಮಾಟುಂಗದ ಸಭಾಗೃಹದಲ್ಲಿ ನಮ್ಮೂರ ಮೇಳದ ಆಟ ಇದೆ. ಮೂರನೇ ಸಾಲಿನಲ್ಲಿ ಕೂತರೆ ರಂಗಸ್ಥಳ ಸುಮಾರು 6 ಮೀಟರ್ ದೂರ. ಕಿಟ್ ಲೆನ್ಸ್‌ನಲ್ಲಿ ಐಎಸ್ಒ (ಬೆಳಕಿನ ಸಂವೇದನೆ) ಏರಿಸಿ ಏರಿಸಿ ಚಿತ್ರವೆಲ್ಲ ಮರಳುಮರಳು. ಈ ಹಳೆಯವನ್ನು ಅಡಾಪ್ಟರ್ ಹಾಕಿ ಬಳಸಬಹುದೇ? ಯಾವ ಅಡಾಪ್ಟರ್ ತಗೊಳ್ಳಲಿ? ಯಾಶಿಕಾದ ಲೆನ್ಸ್ ಬಿಚ್ಚುವುದು ಹೇಗೆ?

ಮಾಟುಂಗದ ಮಾಣಿ:

ಕೊನೆಯ ಪ್ರಶ್ನೆ ಮೊದಲು: ಯಾಶಿಕಾ ಬಿಚ್ಚಬೇಡಿ ಮಾರಾಯ್ರೆ! ಅದರ 45 ಎಂಎಂ ಲೆನ್ಸ್ ಬಾಡಿಗೇ ಅಂಟಿಕೊಂಡದ್ದು, ಶಟರ್ ಕೂಡ ಲೆನ್ಸ್ ಒಳಗೇ ಇದೆ. ಅದನ್ನು ಫಿಲಂ ಹಾಕಿಯೇ ಬಳಸಬೇಕು. ಅದಕ್ಕೆ ಮೊದಲು ಬರುತ್ತಿದ್ದ 5.6 ವೋಲ್ಟ್‌ನ ಪಾದರಸದ ಬ್ಯಾಟರಿ ಈಗ ಇಲ್ಲ. ಸಣ್ಣ ಬಟನ್ ಸೆಲ್ ನಾಲ್ಕು ಪೇರಿಸಿ, ಉಳಿದ ಜಾಗಕ್ಕೆ ಸ್ಪೇಸರ್ ಕೊಟ್ಟು ಓಡಿಸುವವರಿದ್ದಾರೆ.

ಉಳಿದ ಮೂರೂ ನಿಮ್ಮ ಸೋನಿಗೆ ಆರಾಮಾಗಿ ಕೂರುತ್ತವೆ. ಲೆಕ್ಕ ಹೇಳುತ್ತೇನೆ, ಇದೊಂದು ತಲೆಗೆ ಹೋದರೆ ಯಾವ ಲೆನ್ಸ್ ಯಾವ ಬಾಡಿಗೆ ಆಗುತ್ತದೆ ಎಂದು ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ. ಪ್ರತಿ ಮೌಂಟ್‌ಗೂ (ಲೆನ್ಸ್ ಕೂರಿಸುವ ಬಾಯಿಗೂ) ಲೆನ್ಸ್ ಕೂರುವ ಜಾಗದಿಂದ ಫಿಲಂ ಅಥವಾ ಸೆನ್ಸರ್ ತನಕ ಇಷ್ಟೇ ದೂರ ಎಂದು ನಿಗದಿ ಇದೆ. ಅದಕ್ಕೆ ಫ್ಲಾಂಜ್ ದೂರ ಅನ್ನುತ್ತಾರೆ. ಹೀಲಿಯೋಸ್, ಟ್ಯಾಕುಮಾರ್ ಎರಡೂ ಎಂ42, ಅಂದರೆ 42 ಎಂಎಂ ಅಗಲದ ತಿರುಪಿನವು. ಅದರ ದೂರ 45.46 ಎಂಎಂ. ನಿಕಾನ್ ಎಫ್ ಮೌಂಟ್‌ನದು 46.5. ಕನ್ನಡಿ ಇಲ್ಲದ ಸೋನಿ ಇ ಮೌಂಟ್‌ನದು ಬರೀ 18. ಈ ವ್ಯತ್ಯಾಸದಷ್ಟು ಉದ್ದದ ಟೊಳ್ಳು ಕೊಳವೆಯೇ ಅಡಾಪ್ಟರ್. ಎಂ42ಕ್ಕೆ 27.46 ಎಂಎಂನದು, ನಿಕಾನ್‌ಗೆ 28.5ರದು. ಒಳಗೆ ಗಾಜಿಲ್ಲ, ತಂತಿಯಿಲ್ಲ. ಗಾಜಿರುವ ಅಡಾಪ್ಟರ್ ತೋರಿಸಿ ಇದು "ಪ್ರೊ" ಎಂದು ಯಾರಾದರೂ ಮಾರಲು ಬಂದರೆ ಬೇಡ ಎನ್ನಿ.

ಮೆನುವಿನಲ್ಲಿ "ಲೆನ್ಸ್ ಇಲ್ಲದೆ ಶಟರ್ ಬಿಡುಗಡೆ" ಅನ್ನುವುದನ್ನು ಆನ್ ಮಾಡಿ. ಇಲ್ಲದಿದ್ದರೆ ಲೆನ್ಸೇ ಇಲ್ಲ ಎಂದುಕೊಂಡು ಕ್ಯಾಮೆರಾ ಕ್ಲಿಕ್ ಆಗುವುದಿಲ್ಲ. ಆಮೇಲೆ ಎ ಮೋಡ್‌ಗೆ ಹಾಕಿ, ಅಪರ್ಚರ್ (ಬೆಳಕು ಬರುವ ಕಂಡಿ; ಎಫ್ ಸಂಖ್ಯೆ ಕಡಿಮೆಯಾದಷ್ಟೂ ಕಂಡಿ ದೊಡ್ಡದು) ಲೆನ್ಸಿನ ಬಳೆಯಲ್ಲೇ ತಿರುಗಿಸಿ. ಶಟರ್ ವೇಗ ಕ್ಯಾಮೆರಾ ನೋಡಿಕೊಳ್ಳುತ್ತದೆ. ಫೈಲ್‌ನಲ್ಲಿ ಅಪರ್ಚರ್ ದಾಖಲಾಗುವುದಿಲ್ಲ, ಅಷ್ಟೇ.

ಟ್ಯಾಕುಮಾರ್‌ನ ಪಕ್ಕದಲ್ಲಿ ಎ/ಎಂ ಎಂದು ಒಂದು ಸಣ್ಣ ಗುಂಡಿ ಜಾರುತ್ತದೆ, ಅದನ್ನು ಎಂಗೆ ಸರಿಸಿ. ಎ ಕಡೆ ಬಿಟ್ಟರೆ ಎಫ್ 8ಕ್ಕೆ ತಿರುಗಿಸಿದರೂ ಅಪರ್ಚರ್‌ನ ಅಲಗುಗಳು ತೆರೆದೇ ಇರುತ್ತವೆ. ಹೀಲಿಯೋಸ್ 44-2ರಲ್ಲಿ ಎರಡು ಬಳೆ: ಒಂದು ಮಿತಿ ಗೊತ್ತುಮಾಡಲು, ಇನ್ನೊಂದು ತೆರೆದು ಮುಚ್ಚಲು. ಅದಕ್ಕೆ ಗುಂಡಿಯ ರಗಳೆ ಇಲ್ಲ. ಮುಂದೆ ಈ ಗುಂಡಿಯೇ ಇಲ್ಲದ ಹೀಲಿಯೋಸ್ 44ಎಂ-4ರಂಥದ್ದು ಕೊಂಡರೆ ಹಿಂದಿನ ಪಿನ್ನು ಒತ್ತಿಹಿಡಿಯುವ ಅಂಚಿರುವ ಅಡಾಪ್ಟರೇ ಬೇಕು.

ಅಂಧೇರಿ ಅಣ್ಣ:

ಇಷ್ಟೆಲ್ಲ ಯಾಕೆ ಅಂತ ಕೇಳ್ತೇನೆ. ಎರಡು ಅಡಾಪ್ಟರ್, ಒಂದು ಬ್ಲೋವರ್, ತೇವ ತಡೆಯುವ ಡ್ರೈ ಕ್ಯಾಬಿನೆಟ್, ಆಮೇಲೆ ರಿಪೇರಿ ಅಂತ ಹೋದರೆ ಆ ದುಡ್ಡಿಗೆ ಆಟೋಫೋಕಸ್ ಇರುವ ಸೆಕೆಂಡ್‌ಹ್ಯಾಂಡ್ 50 ಎಫ್ 1.8 ಬರ್ತದೆ. ಕಣ್ಣನ್ನು ಅದೇ ಹುಡುಕಿ ಹಿಡಿಯುತ್ತದೆ. ತೆಂಕುತಿಟ್ಟಿನ ಪುಂಡುವೇಷ (ಚುರುಕಿನ ಯುವಕ ವೇಷ) ದಿಗಿಣ (ಗಿರಕಿ ಜಿಗಿತ) ಹಾರುವಾಗ ನೀವು ಬಳೆ ತಿರುಗಿಸುತ್ತಾ ಕೂರ್ತೀರಾ? ತಿರುಗಿಸಿ ಮುಗಿಯುವಾಗ ಪದ್ಯವೇ ಮುಗಿದಿರುತ್ತದೆ. ಹಳೆ ಲೆನ್ಸ್ ಅಂದರೆ "ಕ್ಯಾರೆಕ್ಟರ್" ಅನ್ನುವುದು ಈಗೀಗಿನ ಫ್ಯಾಶನ್. ಆಗಿನವರು ಆ ಕ್ಯಾರೆಕ್ಟರ್ ಹೋಗಲಿ ಅಂತಲೇ ಹೊಸ ಲೆನ್ಸ್ ಕೊಂಡದ್ದು.

ಹುಬ್ಬಳ್ಳಿಯಾಂವ ಪುಣೆ:

ಅಣ್ಣಾರ, ನಿಮ್ಮ ಮಾತಿನ್ಯಾಗ ಅರ್ಧ ಖರೆ ಐತಿ. ಅಂಗಡಿಗೆ ಹೋಗಿ ಹೊಸದಾಗಿ ಕೊಳ್ಳಾಂವ ಆಗಿದ್ರ ನಾನೂ ಆಟೋಫೋಕಸ್ ತಗೋ ಅಂತಿದ್ದೆ. ಆದ್ರ ಅವರ ಮನ್ಯಾಗ 105 ನಿಕ್ಕಾರ್ ಬಂದು ಕುಂತೈತಲ್ರೀ! ಆ ಲೆನ್ಸ್ ಅಂದ್ರ ಹಗುರ ತಿಳೀಬ್ಯಾಡ್ರಿ. ಸ್ಟೀವ್ ಮೆಕರಿ 1984ರಾಗ ಪಾಕಿಸ್ತಾನದ ನಿರಾಶ್ರಿತರ ಶಿಬಿರದಾಗ ತೆಗೆದ ಹಸಿರುಗಣ್ಣಿನ ಅಫ್ಘಾನ್ ಹುಡುಗಿ ಚಿತ್ರ ಇದೇ 105 ಎಫ್ 2.5ರಾಗ ತೆಗೆದದ್ದು.

ಇನ್ನ ಯಕ್ಷಗಾನದ ಮಾತು. ನಾನು ಬಯಲುಸೀಮಿಯಾಂವ, ಸಣ್ಣಾಟ ದೊಡ್ಡಾಟ ನೋಡಿ ಬೆಳೆದಾಂವ, ಆದ್ರ ಪುಣೆದಾಗ ಕರಾವಳಿ ಗೆಳ್ಯಾರ ಜೋಡಿ ಆಟಾನೂ ತೆಗದೀನಿ. ಮೂರು ಮಾತು ಹೇಳ್ತೀನಿ.

6 ಮೀಟರ್ ದೂರದಾಗ 105ನ್ನ ಎಫ್ 2.5ಕ್ಕ ಇಟ್ರ ನಿಮ್ಮ ಸೆನ್ಸರ್ ಮ್ಯಾಲ ಹಿಂದ-ಮುಂದ ಸೇರಿ ಚೊಕ್ಕ ಕಾಣೋದು ಸುಮಾರು ಒಂದು ಅಡಿ. ಅಂದ್ರ ವೇಷ ನಿಂತಲ್ಲೇ ತುಸು ಮುಂದ ಬಾಗಿದ್ರೂ ಮಾರಿ ಮಬ್ಬು ಆಕ್ಕೈತಿ. ಅದಕ್ಕ ಎಫ್ 4ಕ್ಕ ಇಡ್ರಿ, ಅರ್ಧ ಅಡಿ ಹೆಚ್ಚಿಗಿ ಸಿಗ್ತೈತಿ.

ಫೋಕಸ್ ಪೀಕಿಂಗ್ ಅಂತ ಬಣ್ಣದ ಗೆರಿ ತೋರಸ್ತಾರಲ್ಲ, ಅದನ್ನ ಕಿರೀಟ ವೇಷದ ಮುಂದ ನಂಬಬ್ಯಾಡ್ರಿ. ಬೇಗಡೆ, ಕನ್ನಡಿ ಚೂರು, ಮಣಿ ಸರ ಎಲ್ಲಾ ಮಿಂಚ್ತಾವು. ಪೀಕಿಂಗ್ ಹುಡುಕೋದು ಎಲ್ಲಿ ಕಾಂಟ್ರಾಸ್ಟ್ ಹೆಚ್ಚೈತಿ ಅಂತಷ್ಟ. ಹಂಗಾಗಿ ಕಿರೀಟ, ಎದೆಪದಕ, ಭುಜಕೀರ್ತಿ ಪೂರಾ ಕೆಂಪು ಗೆರಿ ತುಂಬ್ಕೊಂಡು "ಫೋಕಸ್ ಆತು" ಅಂತೈತಿ, ಮನಿಗೆ ಬಂದು ನೋಡಿದ್ರ ಕಣ್ಣಿನ ಕಾಡಿಗೆ ಮಬ್ಬು. ಮ್ಯಾಗ್ನಿಫೈ ಅನ್ನೋದನ್ನ ಒಂದು ಬಟನ್‌ಗೆ ಹಾಕ್ಕೊಳ್ರಿ. ಈ ಹಳೆ ಲೆನ್ಸ್‌ನಿಂದ ಕ್ಯಾಮೆರಾಕ್ಕ ಏನೂ ಸುದ್ದಿ ಹೋಗೂದಿಲ್ಲ, ಬಳೆ ತಿರುವಿದ್ರ ತಾನ ದೊಡ್ಡದಾಗಿ ತೋರಸೂದಿಲ್ಲ, ನೀವ ಒತ್ತಬೇಕು. ಒತ್ತಿ, ಕಣ್ಣ ರೆಪ್ಪಿ ನೋಡಿ ತಿರುವ್ರಿ. ಪೀಕಿಂಗ್ ಬೇಕಾ ಬೇಕು ಅಂದ್ರ ಮಟ್ಟ ಕಡಿಮಿ ಇಟ್ಟು, ಚಿತ್ರದ ಶೈಲಿ ಕಪ್ಪು-ಬಿಳುಪಿಗೆ ಹಾಕಿ ರಾ ಫೈಲ್‌ನಾಗ (ಸೆನ್ಸರ್ ಕಂಡದ್ದನ್ನ ಹಂಗ ಇಡೂ ಫೈಲ್) ತೆಗೀರಿ. ವ್ಯೂಫೈಂಡರ್‌ದಾಗ ವೇಷದ ಕೆಂಪು ಹಳದಿ ಹೋಗಿ ಪೀಕಿಂಗ್ ಗೆರಿ ಒಂದ ಎದ್ದು ಕಾಣ್ತೈತಿ. ರಾದಾಗ ಬಣ್ಣ ಹಂಗ ಇರ್ತೈತಿ.

ಮೂರನೇದು: ದಿಗಿಣದ ಬೆನ್ನು ಹತ್ತಬ್ಯಾಡ್ರಿ. ಅರ್ಥಗಾರಿಕೆ ಇರ್ತೈತಲ್ಲ, ವೇಷ ನಿಂತು ಮಾತಾಡೋ ಹೊತ್ತು, ಅಲ್ಲಿ ಈ ಲೆನ್ಸ್ ಬಂಗಾರ.

ಚೆಂಡೆಪೆಟ್ಟು:

ಹುಬ್ಬಳ್ಳಿಯವರು ಹೇಳಿದ್ದಕ್ಕೆ ನನ್ನದೊಂದು ಸೇರಿಕೆ. ಎ6400ರಲ್ಲಿ ಬಾಡಿಯೊಳಗೆ ಸ್ಟೆಬಿಲೈಸರ್ ಇಲ್ಲ. 105 ಎಂಎಂ, ಫಿಲಂಗಿಂತ ಸಣ್ಣದಾದ ಈ ಸೆನ್ಸರ್ ಮೇಲೆ ಸುಮಾರು 157 ಎಂಎಂನಷ್ಟು ಹತ್ತಿರ ಎಳೆಯುತ್ತದೆ, ಆದ್ದರಿಂದ 1/160ಕ್ಕಿಂತ ಕೆಳಗೆ ಇಳಿಯಬೇಡಿ. ಕುಣಿತಕ್ಕೆ ಹೇಗೂ 1/250, 1/500 ಬೇಕು. ಸ್ಟೆಬಿಲೈಸರ್ ಕೈ ನಡುಕ ತಡೆಯುತ್ತದೆಯೇ ಹೊರತು ವೇಷವನ್ನು ನಿಲ್ಲಿಸುವುದಿಲ್ಲ, ಅದಿಲ್ಲವೆಂದು ಕೊರಗಬೇಕಾಗಿಲ್ಲ. ಎಫ್ 4, 1/250 ಅಂದಮೇಲೆ ಐಎಸ್ಒ ಒಂದಿಷ್ಟು ಏರಿಯೇ ಏರುತ್ತದೆ. ಕಿಟ್ ಲೆನ್ಸ್‌ನ ಉದ್ದದ ತುದಿಯಲ್ಲಿ ಎಫ್ 5.6 ಅಲ್ಲವೇ, ಅದಕ್ಕಿಂತ ಒಂದು ಸ್ಟಾಪ್ (ಎರಡು ಪಟ್ಟು ಬೆಳಕು) ಮಾತ್ರ ಲಾಭ. ಮರಳು ಪೂರ್ತಿ ಹೋಗುತ್ತದೆ ಎಂಬ ಆಸೆ ಬೇಡ.

ಸೈಲೆಂಟ್ ಶಟರ್ ಮಾತ್ರ ಹಾಕಬೇಡಿ. ಎಲ್ಇಡಿ ದೀಪದ ಮಿನುಗಿಗೆ ಚಿತ್ರದ ಮೇಲೆ ಪಟ್ಟೆ ಪಟ್ಟೆ ಬೀಳುತ್ತದೆ. ಚೆಂಡೆ-ಮದ್ದಳೆಯ ಮುಂದೆ ನಿಮ್ಮ ಕ್ಲಿಕ್ ಯಾರಿಗೂ ಕೇಳಿಸುವುದಿಲ್ಲ ಬಿಡಿ.

ಸಾಂತಾಕ್ರೂಜ್ ಅಕ್ಕ:

ಎಲ್ಲರೂ ಅಡಾಪ್ಟರ್, ಫೋಕಸ್ ಅಂತ ಹೋದಿರಿ. ಪೆಟ್ಟಿಗೆ ಎಷ್ಟು ಮಳೆಗಾಲ ಮುಚ್ಚಿಕೊಂಡೇ ಕಳೆದಿತ್ತು ಅಂತ ಯಾರೂ ಕೇಳಲಿಲ್ಲ. ಮುಂಬಯಿಯಲ್ಲಿ ಜುಲೈ ಬಂತೆಂದರೆ ಗಾಳಿಯ ತೇವ ಶೇಕಡಾ 80 ದಾಟುತ್ತದೆ. ಚರ್ಮದ ಕೇಸ್ ಒಳಗೆ ಇಟ್ಟ ಲೆನ್ಸ್ ಅಂದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟ ಹಾಗೆ. ಆ ಕೇಸ್‌ಗಳನ್ನು ಮೊದಲು ಹೊರಗೆ ಹಾಕಿ, ಎಷ್ಟೇ ಚಂದ ಇರಲಿ.

ನೋಡುವ ಕ್ರಮ: ಹಿಂದೆ ಮುಂದೆ ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆಯಿರಿ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಹಿಂದಿನಿಂದ ನೇರವಾಗಿ ಅಲ್ಲ, ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಧೂಳು ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ, ಚಿತ್ರದಲ್ಲಿ ಬರುವುದಿಲ್ಲ. ಅಂಚಿನಿಂದ ಕವಲೊಡೆಯುತ್ತಾ ಒಳಗೆ ಬಂದ ತೆಳು ಎಳೆ ಕಂಡರೆ ಅದು ಫಂಗಸ್. ಇಡೀ ಗಾಜಿನ ಮೇಲೆ ಹಾಲು ತೆಳ್ಳಗೆ ಸವರಿದಂತಿದ್ದರೆ ಹೇಜ್; ಎದುರು ಬೆಳಕು ಬಿದ್ದರೆ ಕಾಂಟ್ರಾಸ್ಟ್ ಸತ್ತುಹೋಗುತ್ತದೆ, ರಂಗದ ದೀಪಕ್ಕೆ ಮುಖ ಮಾಡಿ ತೆಗೆಯುವವರಿಗೆ ಫಂಗಸ್‌ಗಿಂತ ಇದೇ ದೊಡ್ಡ ಕಾಟ.

ಅಪರ್ಚರ್ ಅಲಗುಗಳ ಮೇಲೆ ಎಣ್ಣೆ ಜಿನುಗಿದ್ದರೆ ಲೆನ್ಸ್ ನೋಡಿ ತೀರ್ಮಾನ ಮಾಡಿ. ಹೀಲಿಯೋಸ್ 44-2ರ ಅಲಗುಗಳನ್ನು ತಿರುಗಿಸುವುದು ನಿಮ್ಮ ಕೈ, ಎಣ್ಣೆಯಿದ್ದರೂ ಕೆಲಸ ನಡೆಯುತ್ತದೆ. ಸ್ಪ್ರಿಂಗ್‌ನಿಂದ ಮುಚ್ಚುವ ಲೆನ್ಸ್‌ಗಳಲ್ಲಿ ಮಾತ್ರ ಅಲಗು ನಿಧಾನವಾಗುತ್ತದೆ.

ಫಂಗಸ್ ಎಳೆ ಈಗಷ್ಟೇ ಹುಟ್ಟಿದ್ದರೆ ಒರೆಸಿದರೆ ಹೋಗುತ್ತದೆ. ಹಳೆಯದಾದರೆ ಅದು ಬಿಡುವ ಆಮ್ಲಕ್ಕೆ ಕೋಟಿಂಗ್ ತಿಂದುಹೋಗಿರುತ್ತದೆ, ಎಳೆ ಹೋದರೂ ಅದರ ಅಚ್ಚು ಉಳಿಯುತ್ತದೆ. ಯೂಟ್ಯೂಬ್ ನೋಡಿ ಪ್ಲಾಯರ್ ಹಾಕಿ ಬಿಚ್ಚುವವರಿಗೆ ನನ್ನ ನಮಸ್ಕಾರ. ನಿಕ್ಕಾರನ್ನು ಕೈಬಲ್ಲವರಿಗೇ ಕೊಡಿ. ಹೀಲಿಯೋಸ್‌ನಲ್ಲಿ ಬೇಕಾದರೆ ಕೈ ಪಳಗಿಸಿಕೊಳ್ಳಿ, ಸರಿಯಾದ ಲೆನ್ಸ್ ಸ್ಪ್ಯಾನರ್ ಇಟ್ಟುಕೊಂಡು.

ಇಡುವುದಕ್ಕೆ ಡ್ರೈ ಕ್ಯಾಬಿನೆಟ್ ಆದರೆ ತೇವ ಶೇಕಡಾ 45ರಿಂದ 50ರ ನಡುವೆ ಇಡಿ; ತೀರಾ ಒಣಗಿಸಬೇಡಿ. ಅಷ್ಟು ದುಡ್ಡು ಈಗ ಬೇಡ ಎಂದರೆ ಅಡುಗೆಮನೆಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಂದು ಸಣ್ಣ ತೇವಮಾಪಕ, ಸಿಲಿಕಾ ಜೆಲ್ ಸಾಕು. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಮತ್ತೆ ನೀಲಿಯಾಗಿಸಿ, ಆದರೆ ಅಡುಗೆಯ ಪಾತ್ರೆಯಲ್ಲಿ ಬೇಡ. ಅಕ್ಕಿಯಲ್ಲಿ ಹೂತಿಡುವುದು ಬೇಡವೇ ಬೇಡ, ಅದರ ಹಿಟ್ಟುಧೂಳು ಫೋಕಸ್ ಬಳೆಯೊಳಗೆ ಸೇರುತ್ತದೆ.

ಕಲ್ಯಾಣ್ ಸ್ಲೋ:

ಅಕ್ಕ, ಟಾರ್ಚ್ ಹಿಡಿದು ನೋಡಿದೆ. 105 ಚೊಕ್ಕಟ, ಒಂದೆರಡು ಧೂಳಿನ ಚುಕ್ಕೆ ಬಿಟ್ಟರೆ. ಹೀಲಿಯೋಸ್‌ನ ಹಿಂದಿನ ಗಾಜಿನ ಅಂಚಿನಲ್ಲಿ ಸಣ್ಣ ಎಳೆಯೊಂದಿದೆ, ಅಲಗು ಎಣ್ಣೆಮಯ. ಟ್ಯಾಕುಮಾರ್‌ನಲ್ಲಿ ಫಂಗಸ್ ಇಲ್ಲ, ಹಳದಿ ಮಾತ್ರ. ಅದು ಬೂಷ್ಟಿನಿಂದ ಆದದ್ದಲ್ಲವೇ?

ಮಾಟುಂಗದ ಮಾಣಿ:

ಅಲ್ಲ. ಅದು ಥೋರಿಯಂ. ಬೆಳಕನ್ನು ಹೆಚ್ಚು ಬಾಗಿಸಿ ಬಣ್ಣ ಮಾತ್ರ ಚೆದುರದಂಥ ಗಾಜು ಬೇಕಾಗಿ ಆಗ ಕೆಲವು ಲೆನ್ಸ್‌ಗಳ ಗಾಜಿಗೆ ಥೋರಿಯಂ ಆಕ್ಸೈಡ್ ಸೇರಿಸುತ್ತಿದ್ದರು. ಅದರ ವಿಕಿರಣಕ್ಕೆ ವರ್ಷಗಟ್ಟಲೆ ಸಿಕ್ಕಿ ಗಾಜೇ ಹಳದಿ ತಿರುಗುತ್ತದೆ. ಈ ಟ್ಯಾಕುಮಾರ್‌ನ ಮೊದಲ ಆವೃತ್ತಿಯಲ್ಲಿ ಎಂಟು ಗಾಜು, ಥೋರಿಯಂ ಇಲ್ಲ. ನಂತರದ್ದು ಏಳು ಗಾಜಿನದು, ನಿಮ್ಮದು ಅದೇ ಇರಬೇಕು.

ಅತಿನೇರಳೆ ಬೆಳಕು ಬಿದ್ದರೆ ಹಳದಿ ಇಳಿಯುತ್ತದೆ. ಕಿಟಕಿಯ ಬಿಸಿಲಲ್ಲಿ ಕೆಲವು ವಾರ ಇಡಬಹುದು, ಮಳೆಗಾಲದಲ್ಲಾದರೆ ಯುವಿ ಎಲ್ಇಡಿ ದೀಪದ ಕೆಳಗೆ. ಒಂದು ಎಚ್ಚರ: ಎಫ್ 1.4 ಲೆನ್ಸ್ ಬಿಸಿಲಿಗೆ ಭೂತಗನ್ನಡಿಯೇ. ಹಿಂದುಗಡೆ ಅಲ್ಯೂಮಿನಿಯಂ ಫಾಯಿಲ್ ಕಟ್ಟಿ ಇಡಿ, ಇಲ್ಲದಿದ್ದರೆ ಕಿಟಕಿಯ ಪರದೆ ಸುಟ್ಟೀತು. ಫಾಯಿಲ್ ಬೆಳಕನ್ನು ವಾಪಸ್ ತಳ್ಳುವುದರಿಂದ ಕೆಲಸವೂ ಬೇಗ ಆಗುತ್ತದೆ. ತುಂಬ ಬಿಸಿಯಾಗಲು ಬಿಡಬೇಡಿ, ಒಳಗಿನ ಗ್ರೀಸ್ ಕರಗಿ ಅಲಗಿಗೆ ಇಳಿಯುತ್ತದೆ.

ವಿಕಿರಣ ಎಂದ ಕೂಡಲೇ ಹೆದರಬೇಡಿ. ಫೋಟೋ ತೆಗೆಯುವುದಕ್ಕೆ ತೊಂದರೆಯಿಲ್ಲ. ದಿಂಬಿನ ಪಕ್ಕ ಇಟ್ಟು ಮಲಗಬೇಡಿ, ಗಾಜು ಉಜ್ಜಿ ಪುಡಿ ಮಾಡಬೇಡಿ, ಅಷ್ಟೇ.

ಬೊರಿವಲಿ ಬೊಕೆ:

ಹೀಲಿಯೋಸ್ ಬಗ್ಗೆ ಯಾರೂ ಮಾತಾಡ್ತಾ ಇಲ್ಲ! ಹಿನ್ನೆಲೆ ಸುಳಿ ಸುಳಿಯಾಗಿ ತಿರುಗುವ ಚಿತ್ರ ಇನ್‌ಸ್ಟಾದಲ್ಲಿ ನೋಡಿದ್ದೀರಲ್ಲ, ಅದು ಈ ಲೆನ್ಸೇ. ಬ್ರೋ, ಮೊದಲು ಇದನ್ನೇ ಹಾಕಿ. ನನ್ನ ಹತ್ತಿರ ನಿಕಾನ್ ಡಿ5600 ಡಿಎಸ್ಎಲ್ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇದೆ, ನನಗೂ ಒಂದು ಹೀಲಿಯೋಸ್ ಬೇಕು, ಎಲ್ಲಿ ಸಿಗುತ್ತದೆ?

ಮಾಟುಂಗದ ಮಾಣಿ:

ತಮ್ಮಾ, ನೀನು ಕೊಳ್ಳುವ ಮೊದಲು ಮೇಲಿನ ಲೆಕ್ಕ ಮತ್ತೊಮ್ಮೆ ಓದು. ನಿಕಾನ್‌ನದು 46.5, ಎಂ42ನದು 45.46. ಲೆನ್ಸ್ 1.04 ಎಂಎಂ ಮುಂದೆಯೇ ನಿಲ್ಲುತ್ತದೆ, ಕೊಳವೆ ಹಾಕಲು ಜಾಗವೇ ಇಲ್ಲ. 58 ಎಂಎಂ ಲೆನ್ಸ್ ಇಷ್ಟು ಮುಂದೆ ಹೋದರೆ ಇನ್ಫಿನಿಟಿಗೆ (ಅತಿ ದೂರದ ಗುರುತಿಗೆ) ತಿರುಗಿಸಿದರೂ ಫೋಕಸ್ ಆಗುವುದು 3.3 ಮೀಟರ್ ತನಕ. ಎದುರು ಕೂತವರ ಮುಖ ತೆಗೆಯಬಹುದು, ಮರೀನ್ ಡ್ರೈವ್ ತೆಗೆಯಲಾಗದು. ನಡುವೆ ಗಾಜಿಟ್ಟ ಅಡಾಪ್ಟರ್ ಇದನ್ನು ಸರಿಮಾಡುತ್ತದೆ, ಆದರೆ ಅಗ್ಗದ ಗಾಜು ಹಾಕಿ ಒಳ್ಳೆಯ ಲೆನ್ಸ್ ಕೆಡಿಸಿದ ಹಾಗೆ. ಡಿ5600 ಈ ಲೆನ್ಸ್ ಇಟ್ಟರೆ ಬೆಳಕೂ ಅಳೆಯುವುದಿಲ್ಲ. ಕ್ಯಾನನ್ ಡಿಎಸ್ಎಲ್ಆರ್ ಇದ್ದವರು ಪುಣ್ಯವಂತರು: ಇಎಫ್ ಮೌಂಟ್ 44 ಎಂಎಂ, 1.46 ಎಂಎಂ ದಪ್ಪದ ಬಳೆ ಸಾಕು. ಫುಲ್ ಫ್ರೇಮ್ (35 ಎಂಎಂ ಫಿಲಂನಷ್ಟೇ ದೊಡ್ಡ ಸೆನ್ಸರ್) ಆದರೆ ಕೆಲವು ಲೆನ್ಸ್‌ಗಳ ಬಾಲ ಕನ್ನಡಿಗೆ ತಾಗುತ್ತದೆ, ಮೊದಲು ವಿಚಾರಿಸಿಕೊಳ್ಳಬೇಕು.

ನಿನ್ನ ಬಾಡಿಗೆ ಹಳೆಯ ನಿಕ್ಕಾರೇ ಸರಿ. 1977ರಲ್ಲಿ ಬಂದ ಎಐ ಎಂಬ ನಿಕ್ಕಾರ್ ಸರಣಿಯವು ಮತ್ತು ಅದರ ನಂತರದವು. ಬೆಳಕನ್ನು ಕೈಯಲ್ಲೇ ಹೊಂದಿಸಬೇಕು, ಆದರೆ ಇನ್ಫಿನಿಟಿ ಸಿಗುತ್ತದೆ.

ಚೆಂಡೆಪೆಟ್ಟು:

ಸುಳಿಯ ವಿಷಯ. ಅದು ಚಿತ್ರದ ಅಂಚಿನಲ್ಲಿ ಹುಟ್ಟುವುದು. ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಕೊಳವೆಯೇ ಅರ್ಧ ಕತ್ತರಿಸಿ, ದುಂಡಗಿರಬೇಕಾದ ಬೆಳಕಿನ ಬಿಲ್ಲೆಗಳು ಬೆಕ್ಕಿನ ಕಣ್ಣಿನಾಕಾರ ತಾಳುತ್ತವೆ, ನಡುವಿನ ಸುತ್ತ ತಿರುಗಿದಂತೆ ಕಾಣುತ್ತವೆ. ಎ6400ರ ಸೆನ್ಸರ್ ಆ ಅಂಚನ್ನೇ ಕತ್ತರಿಸಿ ಬಿಡುತ್ತದೆ. ಹಾಗಾಗಿ ಇನ್‌ಸ್ಟಾ ನೋಡಿ ಕೊಂಡವರು ಸುಳಿ ಎಲ್ಲಿ ಅಂತ ಹುಡುಕುತ್ತಿರುತ್ತಾರೆ. ಪೂರ್ತಿ ಬೇಕೆಂದರೆ ಫುಲ್ ಫ್ರೇಮ್ ಬಾಡಿ ಬೇಕು. ಇಲ್ಲವೇ 0.71 ಪಟ್ಟು ಕುಗ್ಗಿಸುವ ಫೋಕಲ್ ರಿಡ್ಯೂಸರ್ ಹಾಕಬೇಕು. ಮೆಟಾಬೋನ್ಸ್‌ನವರು 2013ರಲ್ಲಿ ಸ್ಪೀಡ್ ಬೂಸ್ಟರ್ ಅಂತ ತಂದರಲ್ಲ, ಆ ಬಗೆಯದು. ಅದು ಎಫ್ 2ನ್ನು ಎಫ್ 1.4ರಷ್ಟು ಮಾಡುತ್ತದೆ. ಮಾಣಿಯವರ "ಗಾಜಿನ ಅಡಾಪ್ಟರ್ ಬೇಡ" ಎಂಬ ನಿಯಮಕ್ಕೆ ಇದೊಂದು ಅಪವಾದ.

ಹೀಲಿಯೋಸ್‌ನ ಮೂಲ ಜೆನಾದ ಝೈಸ್ ಕಂಪನಿಯ ಬಯೋಟಾರ್ 58 ಎಫ್ 2. ಮೇಲಿನ ಸೀರಿಯಲ್ ನಂಬರಿನ ಮೊದಲ ಎರಡು ಅಂಕಿ ಸಾಮಾನ್ಯವಾಗಿ ತಯಾರಾದ ವರ್ಷ. ಸುಳಿ ನೋಡಬೇಕಾದರೆ ಫೈವ್ ಗಾರ್ಡನ್ಸ್‌ಗೆ ಹೋಗಿ. ಎದುರಿನವರನ್ನು ಎರಡು ಮೀಟರ್‌ನಲ್ಲಿ ನಿಲ್ಲಿಸಿ, ಹಿಂದೆ ದೂರದಲ್ಲಿ ಎಲೆಗಳ ಸಂದಿಯಿಂದ ಬೆಳಕು ತೂರುವ ಮರ ಇರಲಿ. ಯಕ್ಷಗಾನದ ಹಿಂದೆ ಇರುವುದು ಬರೀ ಪರದೆ. ಅಲ್ಲಿ ಸುಳಿಯಲು ಏನಿದೆ?

ಅಂಧೇರಿ ಅಣ್ಣ:

ಹಾ, ಇದನ್ನು ಒಪ್ಪಿದೆ. ಹೆಸರು ಕೇಳಿ ಕೊಳ್ಳುವವರಿಗೆ ಹೀಲಿಯೋಸ್, ಕೆಲಸ ಇದ್ದವರಿಗೆ 105.

ಸಾಂತಾಕ್ರೂಜ್ ಅಕ್ಕ:

ಬೊರಿವಲಿಯವರಿಗೆ: ಫೋರ್ಟ್‌ನಲ್ಲಿ ಡಿ. ಎನ್. ರೋಡ್ ಸುತ್ತಮುತ್ತಲಿನ ಕ್ಯಾಮೆರಾ ಅಂಗಡಿಗಳು ಇವೆ, ಚೋರ್ ಬಜಾರ್‌ನ ಮಟನ್ ಸ್ಟ್ರೀಟ್ ಇದೆ. ಎಲ್ಲೇ ಹೋಗಿ, ಸ್ವಂತ ಬಾಡಿ, ಅಡಾಪ್ಟರ್, ಟಾರ್ಚ್ ಚೀಲದಲ್ಲಿರಲಿ. ಅಲ್ಲೇ ಹಾಕಿ, ಅಲ್ಲೇ ತೆಗೆದು, ಅಲ್ಲೇ ದೊಡ್ಡದು ಮಾಡಿ ನೋಡಿ. "ಫಂಗಸ್ ನಹೀಂ ಹೈ, ಧೂಲ್ ಹೈ" ಅನ್ನುವ ಮಾತಿಗೆ ಟಾರ್ಚೇ ಉತ್ತರ.

ಹುಬ್ಬಳ್ಳಿಯಾಂವ ಪುಣೆ:

ಅಡಾಪ್ಟರ್ ಬಂದ ಕೂಡ್ಲೆ ಒಂದು ಪರೀಕ್ಷಾ ಮಾಡ್ರಿ ಕಲ್ಯಾಣದವರ. ಸಾವಿರ-ಒಂದೂವರೆ ಸಾವಿರದ ಅಡಾಪ್ಟರ್ ಒಂದೊಂದು ಒಂದೊಂದು ಅಳತಿ ಇರ್ತಾವು. ಬಹಳ ಮಂದಿ ಬೇಕಂತನ ತುಸು ಗಿಡ್ಡ ಮಾಡ್ತಾರ, ಇನ್ಫಿನಿಟಿ ತಪ್ಪಬಾರದು ಅಂತ. ಆಗ ಲೆನ್ಸಿನ ಮ್ಯಾಲಿನ ದೂರದ ಗುರುತು ಸುಳ್ಳು ಆಕ್ಕಾವು, ಬಳೆ ಇನ್ಫಿನಿಟಿ ದಾಟಿ ಹೋಕ್ಕೈತಿ. ಅದಕ್ಕ ಅಡ್ಡಿ ಇಲ್ಲ. ಉದ್ದ ಆದ್ರ ಕೆಲಸ ಕೆಟ್ಟಂಗ. ಬರೇ 0.1 ಎಂಎಂ ಉದ್ದ ಆದ್ರ 28 ಎಂಎಂ ಲೆನ್ಸ್ 8 ಮೀಟರ್ ಆಚೆ ಏನೂ ಚೊಕ್ಕ ತೋರಸೂದಿಲ್ಲ. 105ಕ್ಕ ಅದ ತಪ್ಪು 110 ಮೀಟರ್ ತನಕ ಗೊತ್ತ ಆಗೂದಿಲ್ಲ. ದಾದರ್ ಚೌಪಾಟಿಗೆ ನಿಂತು ಸೀ ಲಿಂಕ್ ಹಗ್ಗ ಒಂದೊಂದ ಬ್ಯಾರೆ ಕಾಣ್ತಾವೇನು ನೋಡ್ರಿ.

ಒಳಗ ಕಪ್ಪು ಬಣ್ಣ ಫಳಫಳ ಹೊಳೀತಿದ್ರ ಬೆಳಕು ಪುಟಿದು ಚಿತ್ರ ಬೆಳ್ಳಗಾಗ್ತೈತಿ, ಕಪ್ಪು ಮಖಮಲ್ ಕಾಗದ ಅಂಟಸ್ರಿ.

ಕಲ್ಯಾಣ್ ಸ್ಲೋ:

ಆಟ ಮುಗಿಸಿ ಬಂದೆ. 105 ಎಫ್ 4ಕ್ಕಿಟ್ಟು, ಅರ್ಥಗಾರಿಕೆಯ ಹೊತ್ತಿನ ಮುಖಗಳು ಸಿಕ್ಕವು: ಹುಬ್ಬಿನ ಮೇಲಿನ ಬಿಳಿ ಚುಟ್ಟಿಯ ಚುಕ್ಕೆ ಒಂದೊಂದಾಗಿ ಎಣಿಸಬಹುದು. ದಿಗಿಣಕ್ಕೆ ಕಿಟ್ ಲೆನ್ಸೇ ಹಾಕಿದೆ. ಕಪ್ಪು-ಬಿಳುಪಿನ ಉಪಾಯ ಬಹಳ ಉಪಯೋಗಕ್ಕೆ ಬಂತು. ಆದರೆ ಪಕ್ಕದಲ್ಲಿ ಕೂತಿದ್ದ ಹಿರಿಯರು ಪರದೆ ನೋಡಿ "ಎಂತ ಮಾರಾಯಾ, ಬಣ್ಣದ ವೇಷ ಬಣ್ಣ ಇಲ್ಲದೆ ತೆಗಿತೀಯಾ?" ಅಂತ ಬೈದರು. ಎಸಿ ಸಭಾಗೃಹದಿಂದ ಹೊರಗೆ ಬಂದ ಕೂಡಲೇ ಲೆನ್ಸ್ ಮಂಜು ಮಂಜು. ಇದಕ್ಕೇನು ಮಾಡುವುದು?

ಸಾಂತಾಕ್ರೂಜ್ ಅಕ್ಕ:

ಒಳಗಿರುವಾಗಲೇ ಚೀಲಕ್ಕೆ ಹಾಕಿ ಜಿಪ್ ಎಳೆಯಿರಿ. ಹೊರಗೆ ಬಂದು ಅರ್ಧ ಗಂಟೆ ತೆಗೆಯಬೇಡಿ. ಮಂಜು ಹಿಡಿದರೆ ಒರೆಸುವುದು ಬೇಡ, ತಾನಾಗಿ ಆರಲಿ. ಆ ರಾತ್ರಿ ಡಬ್ಬಿಗೆ ಹಾಕುವ ಮುಂಚೆ ಸ್ವಲ್ಪ ಹೊತ್ತು ಫ್ಯಾನ್ ಕೆಳಗಿಡಿ.

ವಾಶಿ ವೈಡ್:

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಹತ್ತಿರ ಕ್ಯಾನನ್ ಎಫ್‌ಡಿ 50 ಎಫ್ 1.4 ಇದೆ. ಇದೇ ಕಂಪನಿಯ ಡಿಎಸ್ಎಲ್ಆರ್‌ಗೆ ಕೂರಬೇಕಲ್ಲ?

ಮಾಟುಂಗದ ಮಾಣಿ:

ಕಂಪನಿ ಒಂದೇ, ಮೌಂಟ್ ಬೇರೆ. ಎಫ್‌ಡಿ 42 ಎಂಎಂ, ಇಎಫ್ 44. ನಿಕಾನ್ ಮೇಲೆ ಎಂ42 ಹಾಕಿದವರ ಪಾಡೇ ನಿಮ್ಮದೂ. ಮಿರರ್‌ಲೆಸ್ ಯಾವುದಾದರೂ ಸರಿ. ಎಫ್‌ಡಿ ಅಡಾಪ್ಟರ್ ಮೇಲೆ ಓಪನ್, ಲಾಕ್ ಎಂದು ಒಂದು ಬಳೆ ಇರುತ್ತದೆ. ಲೆನ್ಸ್ ಕೂರಿಸುವಾಗ ಓಪನ್‌ನಲ್ಲಿರಲಿ, ಕೂರಿಸಿದ ಮೇಲೆ ಲಾಕ್‌ಗೆ ತಿರುಗಿಸಿ. ಇಲ್ಲದಿದ್ದರೆ ಎಲ್ಲ ಚಿತ್ರವೂ ಎಫ್ 1.4ರಲ್ಲೇ ಬರುತ್ತದೆ.